ಒಂದೇ ಸ್ಕ್ರೂವಿನ ಕೆಳಗೆ

ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಟ್ಟಿರಲಿಲ್ಲ. ಎಸ್ತಾನ್ಸಿಯಾ ಬಂದರಿನಲ್ಲಿ ಬಿರುಗಾಳಿಯ ಎಚ್ಚರಿಕೆ ಕೊಟ್ಟಿದ್ದರಿಂದ ಪನಾಯ್ ದ್ವೀಪದ ಆ ಅಂಚಿನಲ್ಲಿ ಒಂದು ದೋಣಿಯೂ ನೀರಿಗೆ ಇಳಿದಿರಲಿಲ್ಲ. ಎಲ್ಲವನ್ನೂ ತೆಂಗಿನ ಮರಗಳವರೆಗೆ ಎಳೆದು ಕಟ್ಟಿದ್ದರು. ಅರೆಬರೆ ಒಣಗಿದ ಮೀನಿನ ಜಾಲರಿ ತಟ್ಟೆಗಳನ್ನು ಅಡುಗೆಮನೆಯೊಳಗೆ ತಂದು ಪೇರಿಸಿದ್ದರಿಂದ ಕೂರಲು ಜಾಗ ಸಾಲದೆ, ಆ ಅಂಗಳದ ಐದೂ ಮನೆಯ ಜನ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತಿದ್ದರು. ಉಪ್ಪುಮೀನಿನ ವಾಸನೆ, ಒದ್ದೆ ನಾಯಿಯ ವಾಸನೆ, ಒಲೆಯ ಮೇಲೆ ಶುಂಠಿ ಹಾಕಿದ ಗಂಜಿಯ ವಾಸನೆ. ದುಡಿಮೆ ಇಲ್ಲದ ದಿನ ಅಂತ ಯಾರಿಗೂ ಬೇಸರವಿರಲಿಲ್ಲ. ಹಾಗಂತ ಬಾಯಿಬಿಟ್ಟು ಹೇಳುವವರೂ ಇರಲಿಲ್ಲ.

ಬೇಸರವಿದ್ದದ್ದು ಲೋವೆಲ್ಲಾಳಿಗೆ ಮಾತ್ರ. ಅವಳು ಆ ಮನೆಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ, ತುಂಬು ಬಸುರಿ. ಒಲೆಯ ಪಕ್ಕ ಕೂತು ಬೆಳ್ಳುಳ್ಳಿ ಬಿಡಿಸುತ್ತಾ ಗಂಡನ ಕಡೆಗೇ ನೋಡುತ್ತಿದ್ದಳು. ಗಂಡ ರೆನಾಂಟೆ ಬಾಗಿಲ ಬಳಿ ಕೂತು, ಹೊಸ ತಂತಿಯ ತುದಿಯ ಪ್ಲಾಸ್ಟಿಕ್ ಸಿಪ್ಪೆಯನ್ನು ಹಲ್ಲಿನಿಂದ ಕಚ್ಚಿ ತೆಗೆಯುತ್ತಿದ್ದ. ಜಗುಲಿಯಲ್ಲಿ ಪ್ಲಾಸ್ಟಿಕ್ ಹೊದಿಸಿಟ್ಟಿದ್ದ ಹಳೇ ಫ್ರೀಜರಿಗೆ ಆ ತಂತಿ. ದೋಣಿಯವರಿಗೆ ಐಸ್ ಮಾರುವ ಯೋಚನೆ ಅವನದು.

"ಮಳೆ ಬಿಟ್ಟ ಕೂಡಲೇ ಮುಗಿಸಿಬಿಡ್ತೀನಿ. ತಾತಾಯ್, ನಿಮ್ಮ ಬ್ರೇಕರಿನ ಸ್ಕ್ರೂ ಸಡಿಲ ಮಾಡಿ ಇದನ್ನೂ ಅದರ ಕೆಳಗೇ ತೂರಿಸ್ತೀನಿ," ಅಂದ ಅಪ್ಪನಿಗೆ.

"ಅದನ್ನೂ ಕೇಳಬೇಕೇನೋ?" ಅಂದ ಅವನಪ್ಪ ಪೊನ್ಸೋ. "ನನ್ನ ಬ್ರೇಕರ್ ಇನ್ಯಾರದು? ಪಕ್ಕದ ಮನೆ ಹಂದೀದಾ?"

ಲೋವೆಲ್ಲಾ ತಲೆ ತಗ್ಗಿಸಿದಳು. ಫ್ರೀಜರಿಗೆ ಬೇರೆ ಬ್ರೇಕರ್ ಹಾಕಿಸೋಣ ಅಂತ ಅವಳು ರೆನಾಂಟೆಗೆ ಹೇಳಿಯಾಗಿತ್ತು. ಬ್ರೇಕರ್ ಪೆಟ್ಟಿಗೆ ಇದ್ದದ್ದು ಅವರ ಕೋಣೆಯ ಬಿದಿರು ತಟ್ಟಿಯ ಆಚೆಗೇ, ಮಗುವಿಗೆ ಜೋಲಿ ಕಟ್ಟಬೇಕೆಂದು ಅವಳು ಗುರುತು ಮಾಡಿಟ್ಟುಕೊಂಡಿದ್ದ ಜಾಗಕ್ಕೆ ಒಂದು ಗೇಣು ಅತ್ತ. ಹಾಗೆ ಒಂದೇ ಸ್ಕ್ರೂ ಕೆಳಗೆ ಎರಡು ತಂತಿ ತುರುಕಿದ ಮನೆಯೊಂದು ಅವಳ ತವರಿನ ಓಣಿಯಲ್ಲೇ ಸುಟ್ಟಿತ್ತು. ಆದರೆ ರೆನಾಂಟೆ, "ಬೇರೆ ಬ್ರೇಕರಾ? ಮಗು ಹುಟ್ಟೋಕೆ ಮುಂಚೆನೇ ಸೊಸೆ ಬೇರೆ ಮಾಡಿದ್ಲು ಅಂತಾರೆ," ಅಂದಿದ್ದ. ಅದು ಸುಳ್ಳೂ ಅಲ್ಲ. ಆ ಅಂಗಳದಲ್ಲಿ ಒಬ್ಬರ ಬ್ರೇಕರಿನಿಂದ ಇನ್ನೊಬ್ಬರು ಕರೆಂಟ್ ತಗೊಳ್ಳುವುದು ಅಂದರೆ ಒಂದೇ ಪಾತ್ರೆಯಿಂದ ಬಡಿಸಿಕೊಂಡ ಹಾಗೆ. ಬೇಡ ಅನ್ನುವುದು ಎಲೆಯಿಂದ ಎದ್ದುಹೋದ ಹಾಗೆ. ಹೊಸ ಸೊಸೆ ಅದನ್ನು ಎಲ್ಲರೆದುರು ಹೇಳುವುದು ಹೇಗೆ?

"ಬಾಯಲ್ಲಿ ಏನೋ ಅದು?" ಮೂಲೆಯ ಬೆತ್ತದ ಕುರ್ಚಿಯಿಂದ ಲೋಲಾ ದುಲಾಂಗ್ ಕೇಳಿದಳು. ಪೊನ್ಸೋನ ತಾಯಿ ಅವಳು, ಆ ಅಂಗಳಕ್ಕೆಲ್ಲ ಹಿರಿಯಳು. ಮಕ್ಕಳು ಮೊಮ್ಮಕ್ಕಳಿಗೆಲ್ಲ ಅಜ್ಜಿ, ಅಂದರೆ ಲೋಲಾ.

"ತಂತಿ, ಲೋಲಾ."

"ತಂತಿ ಅಂತ ನನಗೂ ಕಾಣುತ್ತೆ. ಹಲ್ಲು ಹೋದಮೇಲೆ ನನ್ನ ಹತ್ರ ಬರಬೇಡ, ನನ್ನ ಹಲ್ಲಿನ ಸೆಟ್ಟು ನಿನಗೆ ಕೊಡಲ್ಲ. ಎಲ್ಲಿಗೆ ಹಾಕ್ತೀಯ ಅದನ್ನ?"

"ತಾತಾಯ್ ಬ್ರೇಕರಿಗೆ. ಸ್ಕ್ರೂ ಕೆಳಗೆ ಇನ್ನೂ ಜಾಗ ಇದೆ."

"ಜಾಗ ಇದೆ," ಅಂದಳು ಮುದುಕಿ. "ನಿನ್ನ ಅಜ್ಜನೂ ಇದೇ ಮಾತು ಅಂದಿದ್ದ." ಆಮೇಲೆ ಲೋವೆಲ್ಲಾಳ ಕಡೆ ತಿರುಗಿ, ಮಗಳೇ ಅನ್ನುವ ಹಾಗೆ, "ಇಂದಾಯ್, ಗಂಜಿಗೆ ಇನ್ನೊಂದು ಕೊಳ್ಳಿ ಇಡು. ಆಗೋವರೆಗೂ ಎಲ್ಲರೂ ತೆಪ್ಪಗೆ ಕೂತ್ಕೊಳ್ಳಿ. ನಾಂಗ್ ಸಲೂದ್ ವಿಷಯ ಹೇಳ್ತೀನಿ," ಅಂದಳು.

ಆ ಹೆಸರನ್ನು ಲೋವೆಲ್ಲಾ ಓದಿದ್ದು ಮಾತ್ರ, ಸತ್ತವರ ಹಬ್ಬಕ್ಕೆ ಸಮಾಧಿಗೆ ಸುಣ್ಣ ಬಳಿಯುವಾಗ. ಯಾರ ಬಾಯಲ್ಲೂ ಕೇಳಿರಲಿಲ್ಲ. ಪೊನ್ಸೋ ಕಾಫಿ ಲೋಟ ಕೆಳಗಿಟ್ಟ. ಮಕ್ಕಳು ತಟ್ಟೆಗಳ ಸಂದಿಯಿಂದ ನುಸುಳಿ ಹತ್ತಿರ ಬಂದರು. ತಗಡಿನ ಮೇಲೆ ಮಳೆ ಹೊಯ್ಯುತ್ತಿದ್ದದ್ದರಿಂದ ಮುದುಕಿ ದನಿ ಎತ್ತರಿಸಿದಳು.

"ನಾನು ಈ ಅಂಗಳಕ್ಕೆ ಬಂದಾಗ ನನಗೆ ಅತ್ತೆ ಇರಲಿಲ್ಲ, ಮಾವ ಇರಲಿಲ್ಲ, ಇಬ್ಬರನ್ನೂ ಒಂದೇ ಬಿರುಗಾಳಿಗೆ ಸಮುದ್ರ ತಗೊಂಡಿತ್ತು. ಇದ್ದವಳು ನಿಮ್ಮಜ್ಜ ಸೇಮೋನ ಅಕ್ಕ, ಸಲೂದ್. ಮದುವೆ ಆಗಲಿಲ್ಲ, ಹಿಂದೆ ಹುಟ್ಟಿದ ನಾಲ್ಕು ಜನರನ್ನ ಒಣಮೀನು ಮಾರಿ ಸಾಕಿದವಳು, ಚುಟ್ಟಾದ ಉರಿಯೋ ತುದೀನ ಬಾಯೊಳಗೆ ಇಟ್ಕೊಂಡೇ ಬೈಯೋಳು. ಅವರೆಲ್ಲ ಅಕ್ಕ ಅಂತ ನಾಂಗ್ ಅಂತಿದ್ರು, ನಾನೂ ನಾಂಗ್ ಅಂದೆ. ಅತ್ತೆ ಇಲ್ಲದ ಮನೆ ಅಂತ ಖುಷಿಯಾಗಿ ಬಂದೋಳು ನಾನು… ನಾಲ್ಕು ಅತ್ತೇರು ಸೇರಿ ಒಬ್ಬಳೇ ಆಗಿ ಕೂತಿದ್ಳು ಇಲ್ಲಿ.

"ಆಮೇಲೆ ಕರೆಂಟ್ ಬಂತು. ಅಂಗಳಕ್ಕೆಲ್ಲ ಒಂದೇ ಮೀಟರು, ನಾಂಗ್ ಹೆಸರಲ್ಲಿ. ಅವಳ ಮನೆ ಗೋಡೆಗೆ ತಗಡಿನ ಪೆಟ್ಟಿಗೆ ಹೊಡೆದ್ರು. ಮೇಲೆ ಒಂದು ದೊಡ್ಡ ಬ್ರೇಕರು, ಕೆಳಗೆ ಒಂದು ಚಿಕ್ಕದು, ಮಿಕ್ಕ ಜಾಗ ಎಲ್ಲ ಖಾಲಿ. ಆ ಚಿಕ್ಕ ಬ್ರೇಕರಿಂದ ನಾಂಗ್ ಮನೆ ಬಲ್ಬಿಗೆ ತಂತಿ. ಮೊದಲು ಹೋದವನು ಗೋರ್ಯೋ, ಸೇಮೋಗಿಂತ ದೊಡ್ಡವನು. 'ನಾಂಗ್, ನಮ್ಮ ಮನೆಗೂ ಒಂದು ಬಲ್ಬಿಗೆ ಕರೆಂಟ್ ಬೇಕಿತ್ತು' ಅಂದ. ಅವಳಿಗೆ ಸಿಟ್ಟು ನೆತ್ತಿಗೇರಿತು. 'ಕೇಳ್ತೀಯೇನೋ ಕತ್ತೆ? ನನ್ನ ತಟ್ಟೇಲಿ ತಿಂದು ದೊಡ್ಡೋನಾದೋನು ನನ್ನ ಹತ್ರ ಕೇಳ್ತೀಯ? ಹೋಗಿ ಹಾಕ್ಕೋ!' ಅವನು ಹಾಕ್ಕೊಂಡ. ಆಮೇಲೆ ಅವನ ತಮ್ಮ, ತಂಗಿ, ಕೊನೇಗೆ ನಮ್ಮ ಸೇಮೋ. ಎಲ್ಲರ ತಂತಿಯೂ ಅದೇ ಚಿಕ್ಕ ಬ್ರೇಕರಿನ ಅದೇ ಒಂದು ಸ್ಕ್ರೂ ಕೆಳಗೆ. ಗೋರ್ಯೋ ಹೆಂಡ್ತಿ ಪೇಟೆಯವಳು, ಅವಳೊಬ್ಬಳು, 'ಒಬ್ಬೊಬ್ಬರಿಗೆ ಒಂದೊಂದು ಬ್ರೇಕರ್ ಹಾಕಿಸಿದ್ರೆ ಆಗಲ್ವಾ?' ಅಂದ್ಳು. ಕ್ರಿಸ್‌ಮಸ್‌ವರೆಗೂ ನಾಂಗ್ ಅವಳ ಹತ್ರ ಮಾತಾಡಲಿಲ್ಲ. ಒಲೆ ಬೇರೆ ಮಾಡೋದಕ್ಕೂ ಬ್ರೇಕರ್ ಬೇರೆ ಮಾಡೋದಕ್ಕೂ ಏನು ವ್ಯತ್ಯಾಸ ಅನ್ನೋದು ಅವಳ ಪ್ರಶ್ನೆ. ನೀವೂ ಈಗ ಅದನ್ನೇ ಅಲ್ವಾ ಅಂತಿರೋದು?

"ಅದು ಬರೀ ಪ್ರೀತಿ ಅಂತ ತಿಳ್ಕೋಬೇಡಿ. ಆ ಬ್ರೇಕರಿನ ಹಿಡಿ ಅವಳ ಕೈಯಲ್ಲಿತ್ತಲ್ಲ… ಸಂಜೆ ರೇಡಿಯೋ ನಾಟಕ ಮುಗೀತಿದ್ದ ಹಾಗೆ ಹೋಗಿ ಟಕ್ ಅಂತ ಕೆಳಗೆ ಎಳೆಯೋಳು. ಐದೂ ಮನೆ ಕತ್ತಲು. ಮಲಗಬೇಕು ಅಂತ ಅರ್ಥ. ಕೋಳಿ ಕೂಗೋ ಮುಂಚೆ ಮತ್ತೆ ಮೇಲಕ್ಕೆ ಎತ್ತೋಳು. ಐದೂ ಮನೇಲಿ ಬಲ್ಬು ಒಟ್ಟಿಗೆ ಹತ್ಕೊಂಡು ಕಣ್ಣಿಗೆ ಹೊಡೆಯೋದು, ಏಳಬೇಕು ಅಂತ ಅರ್ಥ. ಒಂದು ಸಲ ಸೇಮೋಗೂ ಗೋರ್ಯೋಗೂ ಒಂದು ಬಲೆ ವಿಷಯಕ್ಕೆ ಜಗಳ ಆಯ್ತು. ಬಲೆ ಹರಿದೋರು ಯಾರು ಅಂತ. ಇಬ್ಬರೂ ಮಾತು ಬಿಟ್ರು. ನಾಂಗ್ ಬೈಲಿಲ್ಲ, ಬುದ್ಧಿ ಹೇಳಲಿಲ್ಲ. ಹಿಡಿ ಎಳೆದು ಬಿಟ್ಳು, ಅಷ್ಟೇ. ಹೊತ್ತು ಮುಳುಗಿದ್ರೂ ದೀಪ ಇಲ್ಲ, ರೇಡಿಯೋ ಇಲ್ಲ. ಆ ವಾರ ನಾಟಕದಲ್ಲಿ ಒಬ್ಬಳು ವಿಷ ಕುಡಿಯೋಳಿದ್ದಳು! ನಾನೂ ಗೋರ್ಯೋ ಹೆಂಡ್ತೀನೂ ನಮ್ಮ ನಮ್ಮ ಗಂಡಂದಿರ ಅಂಗಿ ಹಿಡಿದು ಎಳ್ಕೊಂಡು ಹೋಗಿ ನಾಂಗ್ ಜಗುಲೀಲಿ ನಿಲ್ಲಿಸಿ, 'ಮಾತಾಡ್ರೋ, ಮಾತಾಡಿ ಸಾಯ್ರೋ, ನಾಟಕ ಶುರುವಾಗುತ್ತೆ' ಅಂದ್ವಿ."

ಮಕ್ಕಳು ನಕ್ಕರು. ಪೊನ್ಸೋ, "ಆಮೇಲೆ ಅವಳು ವಿಷ ಕುಡಿದ್ಲಾ?" ಅಂದ.

"ಕುಡಿದ್ಲು. ಸಾಯಲಿಲ್ಲ. ನಾಟಕದೋರು ಅಷ್ಟು ಬೇಗ ಸಾಯಲ್ಲ. ಸತ್ತವಳು ನಾಂಗ್… ಮೀನು ತೂಗ್ತಾ ತೂಗ್ತಾ ತಕ್ಕಡಿ ಮೇಲೇ ಬಿದ್ಳು. ಚುಟ್ಟಾ ಇನ್ನೂ ಉರೀತಿತ್ತು.

"ಜಾಗರಣೆಗೆ ಹೆಣಾನ ಮುಂದಿನ ಕೋಣೇಲಿ ಇಟ್ವಿ. ಹೆಣದ ಹತ್ರ ದೀಪ ಆರಬಾರದಲ್ಲ? ಅಂಗಳದಲ್ಲಿ ಇಸ್ಪೀಟಿಗೆ ಮೇಜು ಹಾಕಿ, ಮೇಲೆ ಬಲ್ಬಿನ ಸಾಲು ಕಟ್ಟಿದ್ರು. ಆ ತಂತಿ ಎಲ್ಲಿಗೆ ಹಾಕಿದ್ರು ಅಂತೀರ? ಅದೇ ಸ್ಕ್ರೂ ಕೆಳಗೆ. ಸೇಮೋ ಅಂದ, 'ಜಾಗ ಇದೆ.' ಊರೆಲ್ಲ ಬಂದಿತ್ತು. ಪಕ್ಕದ ಓಣಿಯ ಬ್ಯಾಟರಿ ರೇಡಿಯೋದಲ್ಲಿ ನಾಟಕ ಮುಗಿದು ಸೋಪಿನ ಜಾಹೀರಾತು ಶುರುವಾಯ್ತು… ಟಕ್. ಐದು ಮನೆ, ಅಂಗಳ, ಹೆಣದ ಕೋಣೆ, ಎಲ್ಲ ಕತ್ತಲು. ಗೋರ್ಯೋ ಓಡಿಹೋಗಿ ಹಿಡಿ ಎತ್ತಿದ. ಬಿತ್ತು. ಮತ್ತೆ ಎತ್ತಿದ, ಮತ್ತೆ ಬಿತ್ತು. ಇಸ್ಪೀಟಿನ ಮೇಜಿಂದ ಯಾವನೋ, 'ಏಳ್ರೋ, ಮನೆಗೆ ಹೋಗಿ ಮಲಗಿ ಅಂತಿದ್ದಾಳೆ' ಅಂದ. ಜನ ನಕ್ಕರು… ನಕ್ಕು, ನಗೋದು ನಿಲ್ಲಿಸಿದ್ರು. ಮೇಣದಬತ್ತಿ ಹಚ್ಚಿ ಕೂತ್ವಿ.

"ಆಮೇಲೆ ದಿನಾ ಅದೇ. ನಾಟಕ ಮುಗೀತು ಅಂದ್ರೆ ಟಕ್. ಅದಾದ್ರೂ ಸರಿ, ತಂತಿ ಹೆಚ್ಚಾಗಿದೆ, ಭಾರಕ್ಕೆ ಬೀಳುತ್ತೆ ಅನ್ನಬಹುದು. ಸೇಮೋ ಹಾಗೇ ಅಂತಿದ್ದ. ಆದ್ರೆ ಕೋಳಿ ಕೂಗೋ ಮುಂಚೆ ದೀಪ ಹತ್ಕೋತಿತ್ತಲ್ಲ? ಭಾರಕ್ಕೆ ಬಿದ್ದದ್ದು ತಾನಾಗೇ ಮೇಲೆ ಏಳುತ್ತಾ? ಹೇಳ್ರೋ, ನೀವೆಲ್ಲ ಶಾಲೆಗೆ ಹೋದೋರು.

"ಹೆದರಿಕೆ ಆಗಲಿಲ್ವಾ ಅಂದ್ರೆ, ಆಯ್ತು. ಸ್ವಲ್ಪ ದಿನ. ಆಮೇಲೆ ನಿದ್ದೆ ಚೆನ್ನಾಗಿ ಬರೋಕೆ ಶುರುವಾಯ್ತು. ಕೆಲಸದ ಜನ ನಾವು. ಮಲಗೋ ಹೊತ್ತಿಗೆ ಮಲಗಿಸಿ ಏಳೋ ಹೊತ್ತಿಗೆ ಏಳಿಸೋಳು ಒಬ್ಬಳು ಇದ್ರೆ, ಅವಳಿಗೆ ಉಸಿರು ಇದೆಯಾ ಇಲ್ವಾ ಅಂತ ನೋಡ್ತಾ ಕೂರೋಕೆ ಯಾರಿಗೆ ಪುರುಸೊತ್ತು?

"ಆಗ ಹುಟ್ಟಿದೋನು ಇವನು." ಮುದುಕಿ ಗದ್ದದಿಂದಲೇ ಪೊನ್ಸೋನನ್ನು ತೋರಿಸಿದಳು. "ನಮ್ಮ ಗುಡಿಸಲು ಇದ್ದದ್ದು ನಾಂಗ್ ಗೋಡೆಗೆ ಅಂಟಿಕೊಂಡು. ಈಗ ರೆನಾಂಟೆ, ಲೋವೆಲ್ಲಾ ಮಲಗ್ತಾರಲ್ಲ, ಅದೇ ಕೋಣೆ. ಪೆಟ್ಟಿಗೆ ಆಚೆ ಕಡೆ, ಇವನ ಜೋಲಿ ಈಚೆ ಕಡೆ, ನಡುವೆ ಒಂದು ಬಿದಿರು ತಟ್ಟಿ. ಒಂದಿನ ಇವನನ್ನ ಜೋಲಿಗೆ ಹಾಕೋವಾಗ ನನ್ನ ಮೊಣಕೈ ತಟ್ಟಿಗೆ ತಾಗ್ತು. ಬೆಚ್ಚಗಿತ್ತು. ಜ್ವರ ಬಂದ ಹಣೆ ಹಾಗೆ ಬೆಚ್ಚಗೆ. ಮೂಗು ಇಟ್ಟು ನೋಡಿದ್ರೆ ಸೀದ ವಾಸನೆ."

ಲೋವೆಲ್ಲಾಳ ಕೈಯಲ್ಲಿದ್ದ ಬೆಳ್ಳುಳ್ಳಿ ಹಾಗೇ ನಿಂತಿತು.

"ಪೇಟೆಯಿಂದ ಎಲೆಕ್ಟ್ರಿಷಿಯನ್ ಕರೆಸಿದೆ, ಅನ್ಸ್ಯೋಂಗ್ ಅಂತ, ಗೂನುಬೆನ್ನಿನ ಮನುಷ್ಯ. ಪೆಟ್ಟಿಗೆ ತೆಗೆದು ನೋಡಿ ಶಿಲುಬೆ ಗುರುತು ಹಾಕ್ಕೊಂಡ. 'ಇದೇನಿದು, ಹುಳದ ಗೂಡಾ?' ಅಂದ. 'ಈ ಸ್ಕ್ರೂ ಮಾಡಿರೋದು ಒಂದು ತಂತಿಗೆ. ಒಂದನ್ನ ಬಿಗಿಯಾಗಿ ಹಿಡಿಯುತ್ತೆ. ಐದು ತುರುಕಿದ್ರೆ ದಪ್ಪಗಿರೋದನ್ನ ಹಿಡಿದು ತೆಳ್ಳಗಿರೋದನ್ನ ಬಿಡುತ್ತೆ. ಬಿಟ್ಟಿದ್ದು ಅಲ್ಲಾಡುತ್ತೆ, ಅಲ್ಲಾಡಿದ್ದು ಕಾಯುತ್ತೆ.' ಸೇಮೋ, 'ಕಾದ್ರೆ ಬ್ರೇಕರ್ ಬೀಳುತ್ತಲ್ಲ' ಅಂದ. 'ಬ್ರೇಕರಿಗೆ ಗೊತ್ತಾಗೋದು ತಂತಿ ಒಳಗೆ ಎಷ್ಟು ಕರೆಂಟ್ ಹರೀತಿದೆ ಅಂತ. ಸ್ಕ್ರೂ ಸಡಿಲವಾಗಿ ಅಲ್ಲೇ ಬೆಂಕಿ ಹತ್ಕೊಂಡ್ರೆ ಅದಕ್ಕೇನು ಗೊತ್ತು? ಗುಡಿಸಲು ಬೂದಿ ಆದಮೇಲೂ ಅದು ಎದ್ದೇ ನಿಂತಿರುತ್ತೆ' ಅಂದ. ಅಂದು, ತಲೆ ಕೆರೆದುಕೊಂಡು ಪೆಟ್ಟಿಗೇನ ಮತ್ತೆ ನೋಡಿ, 'ಇದು ಇಷ್ಟು ವರ್ಷ ಹೇಗೆ ಸುಡದೆ ಉಳೀತು ಅನ್ನೋದೇ ನನಗೆ ತಿಳೀತಿಲ್ಲ' ಅಂದ.

"ಖಾಲಿ ಜಾಗದಲ್ಲಿ ಹೊಸ ಬ್ರೇಕರ್ ಹಾಕಿದ. ಒಂದೊಂದು ಮನೆಗೆ ಒಂದೊಂದು, ಒಂದೊಂದು ಸ್ಕ್ರೂ ಕೆಳಗೆ ಒಂದೇ ತಂತಿ. ಗೋರ್ಯೋ ಮುಖ ಊದಿಸ್ಕೊಂಡು, 'ಇವತ್ತು ಬ್ರೇಕರು, ನಾಳೆ ಬೇಲಿ' ಅಂತ ಹೇಳಿ ಎದ್ದುಹೋದ. ನಾನು ಇವನನ್ನ ಜೋಲಿಗೆ ಹಾಕಿ ನೆಮ್ಮದಿಯಾಗಿ ಮಲಗಿದೆ. ಬೆಳಿಗ್ಗೆ ಎದ್ದು ಪೆಟ್ಟಿಗೆ ತೆಗೆದ್ರೆ…"

ಮುದುಕಿ ನಿಲ್ಲಿಸಿದಳು. ಒಲೆಯ ಮೇಲೆ ಗಂಜಿ ಕೊತಕೊತ ಅನ್ನುತ್ತಿತ್ತು.

"ಐದೂ ತಂತಿ ಮತ್ತೆ ಅದೇ ಹಳೇ ಸ್ಕ್ರೂ ಕೆಳಗೆ. ಹೊಸ ಬ್ರೇಕರುಗಳು ಹಲ್ಲಿಲ್ಲದ ಬಾಯಿ ಹಾಗೆ ಖಾಲಿ. ನಾನು ಗೋರ್ಯೋ ಮೇಲೆ ಹರಿಹಾಯ್ದೆ. 'ನಿನ್ನ ಅಹಂಕಾರಕ್ಕೆ ನನ್ನ ಮಗು ಸುಡಬೇಕಾ?' ಅಂದೆ. ಅವನು ಮೇರಿ ಮಾತೆಯ ಪಟದ ಮೇಲೆ ಕೈ ಇಟ್ಟು ತಾನಲ್ಲ ಅಂತ ಆಣೆ ಮಾಡಿದ. ಅನ್ಸ್ಯೋಂಗ್ ಮತ್ತೆ ಬಂದ, ಬಿಡಿಸಿ ಹಾಕಿದ. ಮಾರನೇ ದಿನ ಮತ್ತೆ ಅದೇ. ಮತ್ತೆ ಕರೆದ್ರೆ ಬರಲಿಲ್ಲ. 'ನಿಮ್ಮನೇಲಿ ಇರೋದು ಕಳ್ಳನೋ, ಸತ್ತವಳೋ? ಇಬ್ಬರ ಹತ್ರಾನೂ ನನಗೆ ವ್ಯವಹಾರ ಬೇಡ' ಅಂತ ಹೇಳಿ ಕಳಿಸಿದ.

"ಆಗ ನನಗೆ ಅರ್ಥ ಆಯ್ತು. ಬೇರೆ ಮಾಡೋದು ಅವಳಿಗೆ ಇಷ್ಟ ಇಲ್ಲ. ಅವಳಿಗೆ ಬೆಂಕಿ ಅಂದ್ರೆ ಏನು ಅಂತ ಗೊತ್ತಿಲ್ಲದೆ ಅಲ್ಲ, ಬೇರೆ ಆಗೋದು ಬೆಂಕಿಗಿಂತ ದೊಡ್ಡದು ಅವಳಿಗೆ. ಸತ್ತವರಿಗೆ ಹೊಸದೇನೂ ತಿಳಿಯಲ್ಲ ಕಣ್ರೋ, ಬದುಕಿದ್ದಾಗ ಏನು ಹಿಡ್ಕೊಂಡಿದ್ರೋ ಅದನ್ನೇ ಹಿಡ್ಕೊಂಡಿರ್ತಾರೆ.

"ಒಂದು ಮಧ್ಯಾಹ್ನ. ಸುಡುಬಿಸಿಲು, ಸಮುದ್ರ ಎಣ್ಣೆ ಹೊಯ್ದ ಹಾಗೆ ನಿಶ್ಚಲ, ಗಂಡಸರೆಲ್ಲ ದೋಣಿ ಮೇಲೆ. ಇವನು ಜೋಲೀಲಿ ಮಲಗಿದ್ದ. ಗೋರ್ಯೋ ಮನೇಲಿ ರೇಡಿಯೋ ಹಾಡ್ತಿತ್ತು. ತಟ್ಟಿಯ ಸಂದೀಲಿ ಹೊಗೆ ಬಂತು, ನೂಲಿನಷ್ಟು ತೆಳ್ಳಗೆ. ಮಗೂನ ಎತ್ತಿ ಸೊಂಟಕ್ಕೆ ಹಾಕ್ಕೊಂಡು ಆಚೆ ಓಡಿಹೋಗಿ ಪೆಟ್ಟಿಗೆ ತೆಗೆದೆ. ತಂತಿಗಳ ಸಿಪ್ಪೆ ಕರಗಿ ಕಪ್ಪಗಾಗಿ ಇಳೀತಿತ್ತು. ಸ್ಕ್ರೂ… ಸ್ಕ್ರೂ ಇರಲಿಲ್ಲ. ಕಳಚಿ ಪೆಟ್ಟಿಗೆ ತಳದಲ್ಲಿ ಬಿದ್ದಿತ್ತು. ಐದು ತಂತೀನೂ ಹಿಡಿಯೋಕೆ ಏನೂ ಇಲ್ಲ, ಆದ್ರೂ ಐದೂ ಒಂದು ಕಡೆ ಸೇರಿ ಬಿಗಿಯಾಗಿ ನಿಂತಿವೆ, ಯಾರೋ ಜಡೆ ಹಾಕೋವಾಗ ಕೂದಲು ಒಟ್ಟು ಮಾಡಿ ಹಿಡಿದ ಹಾಗೆ. ರೇಡಿಯೋ ಹಾಡ್ತಾನೇ ಇದೆ. ಹಾಗಾದ್ರೆ ಕರೆಂಟ್ ಹರೀತಾನೇ ಇದೆ, ಅಲ್ವಾ? ಹಿಡಿದಿರೋದು ಯಾರು? ಇಷ್ಟು ವರ್ಷ ಯಾಕೆ ಸುಡಲಿಲ್ಲ ಅಂತ ಅನ್ಸ್ಯೋಂಗ್ ಕೇಳಿದ್ನಲ್ಲ… ಉತ್ತರ ನನ್ನ ಕಣ್ಣೆದುರು ಇತ್ತು. ಬದುಕಿದ್ದಾಗ ಅವಳ ಅದೃಷ್ಟ ಹಿಡೀತು, ಸತ್ತಮೇಲೆ ಅವಳೇ ಹಿಡಿದಿದ್ಳು.

"ಮೇಲಿನ ದೊಡ್ಡ ಬ್ರೇಕರ್ ಆರಿಸಬೇಕು ಅಂತ ಕೈ ಎತ್ತಿದೆ. ನನ್ನ ಕೈ ಮೇಲೆ ಒಂದು ಕೈ ಕೂತ್ಕೊಳ್ತು. ಐಸಿನ ಪೆಟ್ಟಿಗೆಯಿಂದ ಈಗ ತೆಗೆದ ಮೀನಿನಷ್ಟು ತಣ್ಣಗೆ. ಬೆರಳಿನ ತುದೀಲಿ ಉಪ್ಪಿನ ಒರಟು. ಆ ಕೈ ನನಗೆ ಗೊತ್ತಿತ್ತು, ಎಷ್ಟು ಸಲ ತಲೆಗೆ ಮೊಟಕಿಸ್ಕೊಂಡಿದ್ದೆ ಅದರಿಂದ!

"ಕಿರುಚಬೇಕಿತ್ತು. ಬಂದದ್ದು ಸಿಟ್ಟು. 'ನಾಂಗ್, ಕೈ ತೆಗಿ' ಅಂದೆ. 'ಇದು ಸೇಮೋನ ಮಗು, ನೋಡು. ನಾಲ್ಕು ಜನರನ್ನ ಸಾಕಿದೆ, ಒಬ್ಬರನ್ನೂ ಕಳ್ಕೊಳ್ಳಲಿಲ್ಲ. ಇವನೊಬ್ಬನ್ನ ಸುಡ್ತೀಯಾ? ಹಿಡ್ಕೊಂಡಿದ್ದೀನಿ ಅಂತೀಯ. ಎಷ್ಟು ದಿನ ಹಿಡೀತೀಯ? ನಿನ್ನ ಕೈಗೂ ಸೋಲು ಬರುತ್ತೆ, ಬಂದಿದೆ, ಹೊಗೆ ಬರ್ತಿದೆಯಲ್ಲ, ಕಾಣಲ್ವಾ?' ಅಂದೆ. ಕೈ ಬಿಡಲಿಲ್ಲ. ಇವನು ಅಳೋಕೆ ಶುರುಮಾಡಿದ. 'ನಾವು ಎಲ್ಲಿಗೂ ಹೋಗಲ್ಲ ನಾಂಗ್. ಒಂದೇ ಅಂಗಳ, ಒಂದೇ ಬಾವಿ, ಭಾನುವಾರ ಒಂದೇ ಪಾತ್ರೆ. ತಂತಿಗೆ ಏನು ಗೊತ್ತು ಅಣ್ಣ ತಮ್ಮ ಅಂದ್ರೆ? ಅದಕ್ಕೆ ಅದರ ಸ್ಕ್ರೂ ಕೊಡು. ನಿನಗೆ ಹಿಡಿ ತಾನೇ ಬೇಕು? ಚಿಕ್ಕ ಬ್ರೇಕರ್ ಎಷ್ಟೇ ಇರಲಿ, ಎಲ್ಲಕ್ಕೂ ಮೇಲೆ ಈ ದೊಡ್ಡದು ಒಂದೇ. ಇದನ್ನ ತಗೋ. ಸಂಜೆ ಇಳಿಸೋಳು ನೀನು. ಬೆಳಿಗ್ಗೆ ಎತ್ತೋ ಕೆಲಸ ನನಗೆ ಬಿಡು, ನಿನಗೂ ವಯಸ್ಸಾಯ್ತು' ಅಂದೆ.

"ಹೆಣ ಆದವಳಿಗೆ ವಯಸ್ಸಾಯ್ತು ಅಂದ್ನಲ್ಲ ನಾನು! ನಗು ಬಂತೋ ಏನೋ ಅವಳಿಗೆ. ಗೋರ್ಯೋ ಮನೆ ರೇಡಿಯೋ ನಿಂತ್ಹೋಯ್ತು. ಒಂದು ತಂತಿ ಬಿಡ್ತು. ಇನ್ನೊಂದು. ನಿಧಾನಕ್ಕೆ, ಒಂದೊಂದು ಬೆರಳು ಬಿಚ್ಚಿದ ಹಾಗೆ ಐದೂ ಬಿಟ್ಕೊಂಡು ಬೇರೆ ಬೇರೆ ಜೋತುಬಿದ್ವು. ಆಮೇಲೆ ಮೇಲಿನ ದೊಡ್ಡ ಬ್ರೇಕರ್, ನನ್ನ ಬೆರಳು ಅದಕ್ಕೆ ತಾಗೋಕೆ ಮುಂಚೆನೇ… ಟಕ್."

ಹೊರಗೆ ಮಳೆ ಕಡಿಮೆಯಾಗಿತ್ತು. ರೆನಾಂಟೆ ತಂತಿಯನ್ನು ಬಾಯಿಂದ ತೆಗೆದು ಯಾವಾಗಲೋ ತೊಡೆಯ ಮೇಲಿಟ್ಟುಕೊಂಡಿದ್ದ.

"ಅವಳು ಕೈ ಬಿಟ್ಳು ಅಂತ ಹೇಳಿ ಕಳಿಸಿದಮೇಲೆ ಅನ್ಸ್ಯೋಂಗ್ ಬಂದು ಮತ್ತೆ ಬಿಡಿ ಬಿಡಿಯಾಗಿ ಹಾಕಿದ. ಅದು ಹಾಗೇ ಉಳೀತು, ಇವತ್ತಿನವರೆಗೂ. ಬೇಲಿ ಯಾರೂ ಹಾಕಲಿಲ್ಲ," ಅಂದಳು ಲೋಲಾ.

"ನಾನಾಯ್," ಪೊನ್ಸೋ ತಾಯಿಯ ಕಡೆ ಬಾಗಿದ. ಮಗನ ದನಿ ಸಣ್ಣದಾಗಿತ್ತು. "ದಿನಾ ದೊಡ್ಡ ಬ್ರೇಕರ್ ಆರಿಸೋದು ನೀನಲ್ವಾ? ನಾನು ಹುಟ್ಟಿದಾಗಿಂದ ನೀನೇ ಅಂದ್ಕೊಂಡಿದ್ದೀನಿ."

"ಗಂಜಿ ಕುಡಿದ ಕೂಡಲೇ ನಾನು ಗೊರಕೆ ಹೊಡೀತೀನಲ್ಲೋ. ನನ್ನ ಗೊರಕೆಗೆ ನೀವೆಲ್ಲ ಟೀವಿ ಸದ್ದು ಜಾಸ್ತಿ ಮಾಡ್ತೀರಿ. ಒಬ್ಬರಾದ್ರೂ ಯಾವತ್ತಾದ್ರೂ ನಾನು ಎದ್ದು ಹೋಗಿದ್ದು ನೋಡಿದ್ದೀರಾ?"

ಯಾರೂ ನೋಡಿರಲಿಲ್ಲ. ಲೋವೆಲ್ಲಾ ನೋಡಿರಲಿಲ್ಲ. ಆ ಮನೆಗೆ ಬಂದಾಗಿನಿಂದ, ಧಾರಾವಾಹಿ ಮುಗಿಯುತ್ತಲೇ ಕರೆಂಟ್ ಹೋಗುವುದು ಅವಳಿಗೂ ಒಗ್ಗಿಹೋಗಿತ್ತು. ಮುದುಕಿಯ ಹಟ ಅಂದುಕೊಂಡು ದಿಂಬಿಗೆ ತಲೆ ಕೊಡುತ್ತಿದ್ದಳು. ಇಷ್ಟು ಗಾಢವಾದ ನಿದ್ದೆ ಅವಳಿಗೆ ತವರಿನಲ್ಲೂ ಬಂದಿರಲಿಲ್ಲ.

"ಲೋಲಾ," ಅಂದಳು. ತುಂಬಿದ ಸಭೆಯಲ್ಲಿ ಅವಳು ತಾನಾಗಿ ಬಾಯಿಬಿಟ್ಟದ್ದು ಅದೇ ಮೊದಲು. "ಪೆಟ್ಟಿಗೇಲಿ ಇನ್ನೂ ಖಾಲಿ ಜಾಗ ಇದೆ. ಫ್ರೀಜರಿಗೆ ಒಂದು ಬ್ರೇಕರ್ ಬೇರೆ ಹಾಕಿಸೋಣ. ಮಗುವಿನ ಜೋಲಿ ಆ ತಟ್ಟಿ ಹತ್ರಾನೇ ಬರುತ್ತೆ."

ಪೊನ್ಸೋ ಮಗನ ಮುಖ ನೋಡಿದ. ಮಗ ಅಪ್ಪನ ಮುಖ ನೋಡಿದ. "ಹಾಕಿಸು ಮತ್ತೆ," ಅಂದ ಪೊನ್ಸೋ, ಕೆನ್ನೆ ಉಜ್ಜಿಕೊಳ್ಳುತ್ತಾ. "ನನ್ನ ಸ್ಕ್ರೂ ಕೆಳಗೆ ಜಾಗ ಏನೋ ಇದೆ. ಆದ್ರೆ ಬೇಡ."

"ದಿನಾ ಕರೆಂಟ್ ಆರಿದ್ರೆ ಐಸ್ ಕರಗಲ್ವಾ?" ಅಂದ ರೆನಾಂಟೆ.

"ಮುಚ್ಚಳ ತೆಗೀದಿದ್ರೆ ಬೆಳಗಿನವರೆಗೆ ಏನೂ ಆಗಲ್ಲ. ನೀನೇ ಎದ್ದೆದ್ದು ತೆಗೆದು ನೋಡ್ತೀಯ, ಅದೇ ಕಷ್ಟ," ಅಂದಳು ಮುದುಕಿ. ಎಲ್ಲರೂ ನಕ್ಕರು. ಅಡುಗೆಮನೆ ಸಡಿಲವಾಯಿತು. ಬಟ್ಟಲುಗಳು ಕೈಯಿಂದ ಕೈಗೆ ಹೋದವು. ಲೋವೆಲ್ಲಾ ಗಂಜಿ ಬಡಿಸಿದಳು, ಮೇಲೆ ಹುರಿದ ಬೆಳ್ಳುಳ್ಳಿ ಉದುರಿಸಿದಳು. ರೆನಾಂಟೆ ತಂ‌ತಿಯನ್ನು ಸುತ್ತಿ ಮೊಳೆಗೆ ನೇತುಹಾಕಿ ಬಂದು, ಅವಳ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತ. ಅವಳಿಗೆ ಬಹಳ ದಿನಗಳ ಮೇಲೆ ಹಸಿವಾಯಿತು. ಎರಡು ಬಟ್ಟಲು ಕುಡಿದಳು.

ಲೋಲಾ ತನ್ನ ಬಟ್ಟಲು ಮುಗಿಸಿ ಕೈಚಾಚಿದಳು, ಎಬ್ಬಿಸು ಅನ್ನುವ ಹಾಗೆ. ಲೋವೆಲ್ಲಾ ಆ ಕೈ ಹಿಡಿದು ಎಬ್ಬಿಸಿದಳು.

"ಇಂದಾಯ್, ನಾಳೆಯಿಂದ ಬೆಳಿಗ್ಗೆ ನೀನೂ ನನ್ನ ಜೊತೆ ಬಾ," ಅಂದಳು ಮುದುಕಿ, ಬೇರೆಯವರಿಗೆ ಕೇಳದಷ್ಟು ಮೆಲ್ಲಗೆ. "ಆ ಹಿಡಿ ಗಟ್ಟಿ, ಎತ್ತೋ ರೀತಿ ಕಲ್ತ್ಕೋ. ನಾನು ದಿನಾ ಎತ್ತೋವಾಗ ಅವಳ ಕೈ ನನ್ನ ಕೈ ಮೇಲೆ ಬಂದು ಕೂರುತ್ತೆ, ಇಬ್ಬರೂ ಸೇರಿ ಎತ್ತುತ್ತೀವಿ. ಈ ಇಷ್ಟೂ ವರ್ಷ ಅದು ಮೈ ಜುಮ್ ಅನ್ನೋಷ್ಟು ತಣ್ಣಗಿರೋದು… ಈಸ್ಟರ್ ಕಳೆದಮೇಲೆ ತಣ್ಣಗೆ ಅನ್ನಿಸ್ತಾನೇ ಇಲ್ಲ. ನನ್ನ ಕೈ ಹೇಗಿದೆಯೋ ಅವಳದೂ ಹಾಗೇ ಇದೆ. ಸತ್ತವಳ ಕೈ ಬೆಚ್ಚಗಾಗಲ್ಲ, ಅಲ್ವಾ? ಹಾಗಾದ್ರೆ ಬದಲಾಗಿರೋದು ಯಾರ ಕೈ?"

ಲೋವೆಲ್ಲಾ ಹಿಡಿದ ಕೈಯನ್ನು ಬಿಡಲಿಲ್ಲ.

"ಹೆದರಬೇಡ, ನನಗೇನೂ ಬೇಜಾರಿಲ್ಲ," ಅಂದಳು ಲೋಲಾ ದುಲಾಂಗ್. "ಒಂದಿನ ನೀನೊಬ್ಬಳೇ ಹೋಗಿ ಎತ್ತಬೇಕಾಗುತ್ತೆ. ಆಗ ನಿನ್ನ ಕೈ ಮೇಲೆ ತಣ್ಣಗೆ ಏನಾದ್ರೂ ಬಂದು ಕೂತ್ರೆ ಕಿರುಚಿ ಮಗೂನ ಎಬ್ಬಿಸಬೇಡ… ಅದು ಒಂದೇ ಕೈ ಆಗಿರುತ್ತೆ ಅಂತ ಮಾತ್ರ ನಾನು ಮಾತು ಕೊಡಲ್ಲ."